ಗಡಿಯಾಚೆಯ ಟಿವಿ ಚಾನೆಲ್ ಹಿಡಿಯೋದು ಹೇಗೆ? ಐರ್ಲೆಂಡ್‌ನಲ್ಲಿರುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

2012ರ ಅಕ್ಟೋಬರ್ 24ರಂದು ಐರ್ಲೆಂಡ್ ದ್ವೀಪದಲ್ಲಿ ಹಳೇ ಅನಲಾಗ್ ಟಿವಿ ನಿಂತುಹೋಯಿತು. ದಕ್ಷಿಣಕ್ಕೆ ಐರ್ಲೆಂಡ್ ಗಣರಾಜ್ಯ, ಉತ್ತರಕ್ಕೆ ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್. ಎರಡು ದೇಶ, ಎರಡು ಟಿವಿ ವ್ಯವಸ್ಥೆ, ಆದರೆ ಸ್ವಿಚ್ ಆಫ್ ಮಾಡಿದ್ದು ಒಂದೇ ದಿನ. ಅಲ್ಲಿಯವರೆಗೆ ಚಿಮಣಿಗೆ ಕಟ್ಟಿದ ಎತ್ತರದ ಆಂಟೆನಾದಲ್ಲಿ ಗಡಿಯಾಚೆಯ ಚಾನೆಲ್ಲೂ ಒಂಚೂರು ಮಸುಕಾಗಿ ಬರುತ್ತಿತ್ತು. ಡಿಜಿಟಲ್ ಬಂದಮೇಲೆ ಮಸುಕು ಅನ್ನೋದೇ ಇಲ್ಲ. ಬಂದರೆ ಚೊಕ್ಕವಾಗಿ ಬರುತ್ತದೆ, ಇಲ್ಲದಿದ್ದರೆ ಪರದೆ ಖಾಲಿ.

ಡಬ್ಲಿನ್, ಡಂಡಾಕ್, ನ್ಯೂರಿ, ಬೆಲ್‌ಫಾಸ್ಟ್ ಕಡೆ ನಮ್ಮವರು ಈಗ ಸಾಕಷ್ಟು ಜನ ಇದ್ದಾರೆ. ಕನ್ನಡ ಸೀರಿಯಲ್ಲು, ಸುದ್ದಿ ಎಲ್ಲ ಫೋನಲ್ಲೇ ಸಿಗುವಾಗ ಈ ಆಂಟೆನಾ ಯಾಕೆ ಬೇಕು ಅಂತ ಕೇಳುವವರು ಇದ್ದಾರೆ. ನನ್ನ ಉತ್ತರ ನೇರ: ನಾವಿರುವ ಊರಿನ ಟಿವಿ ನಮ್ಮ ಮನೆಯಲ್ಲೂ ಇರಬೇಕು. ಬೆಲ್‌ಫಾಸ್ಟಿನಲ್ಲಿ ಗೇಲಿಕ್ ಫುಟ್ಬಾಲ್ ಆಡೋ ಮಗುವಿಗೆ ಜುಲೈನಲ್ಲಿ ಆಲ್ ಐರ್ಲೆಂಡ್ ಫೈನಲ್ಲನ್ನು ದಕ್ಷಿಣದ ಸಾರ್ವಜನಿಕ ವಾಹಿನಿ ಆರ್‌ಟಿಇನಲ್ಲಿ ನೋಡೋ ಆಸೆ ಇರುತ್ತದೆ. ಡಬ್ಲಿನ್ ಶಾಲೆಯಲ್ಲಿ ಐರಿಷ್ ಭಾಷೆ ಕಲಿಯೋ ಮಗುವಿಗೆ ಆ ಭಾಷೆಯದೇ ಚಾನೆಲ್ ಆದ ಟಿಜಿ4ನಷ್ಟು ಒಳ್ಳೆ ಜೊತೆ ಬೇರೆ ಇಲ್ಲ, ಅದೇ ಮನೆಯವರಿಗೆ ಬಿಬಿಸಿಯೂ ಬೇಕು. 2025ರ ಜನವರಿ 24ರಂದು ಎಯೋವಿನ್ ಚಂಡಮಾರುತ ಬಂದು ಕರೆಂಟು, ಬ್ರಾಡ್‌ಬ್ಯಾಂಡ್ ಎರಡೂ ಹೋದ ಮನೆಗಳು ಲಕ್ಷಗಟ್ಟಲೆ. ಅಂಥ ಹೊತ್ತಲ್ಲಿ ಕರೆಂಟು ಮೊದಲು ಬಂದು ಇಂಟರ್ನೆಟ್ ತಡವಾದರೂ ಆಂಟೆನಾ ಇದ್ದವರಿಗೆ ಸುದ್ದಿ, ಹವಾಮಾನ ಸಿಗುತ್ತದೆ. ಮೇಲಾಗಿ ತಿಂಗಳ ಬಾಡಿಗೆ ಇಲ್ಲ.

ಆನ್‌ಲೈನಲ್ಲಿ ನೋಡೋಣ ಅಂದರೆ ಬಿಬಿಸಿಯ ಐಪ್ಲೇಯರ್ ಬ್ರಿಟನ್ ಬಿಟ್ಟು ಹೊರಗೆ ನಡೆಯಲ್ಲ. ಆರ್‌ಟಿಇ ಪ್ಲೇಯರ್‌ನಲ್ಲೂ ಎಷ್ಟೋ ಕಾರ್ಯಕ್ರಮಕ್ಕೆ ಗಡಿ ಬಂದಕೂಡಲೇ ಬೀಗ. ಗಾಳಿಯಲ್ಲಿ ಬರೋ ಸಿಗ್ನಲ್‌ಗೆ ಈ ಗಡಿಯ ತಂಟೆ ಇಲ್ಲ.

ಮೊದಲ ಕೆಲಸ: ಸಿಗ್ನಲ್ ಎಲ್ಲಿಂದ ಬರುತ್ತೆ ಅಂತ ತಿಳಿದುಕೊಳ್ಳಿ

ಜನ ಮಾಡೋದು ಉಲ್ಟಾ. ಅಂಗಡಿಗೆ ಹೋಗಿ ಕೈಗೆ ಸಿಕ್ಕಿದ ದೊಡ್ಡ ಆಂಟೆನಾ ತರುತ್ತಾರೆ, ಆಮೇಲೆ ಯಾವ ಕಡೆ ತಿರುಗಿಸಬೇಕು ಅಂತ ಯೋಚಿಸುತ್ತಾರೆ. ಒಂದು ರೂಪಾಯಿ ಖರ್ಚು ಮಾಡೋ ಮುಂಚೆ ಟವರ್ ಯಾವುದು, ಎಷ್ಟು ದೂರ, ನಡುವೆ ಬೆಟ್ಟ ಇದೆಯಾ ಅಂತ ನೋಡಬೇಕು.

ನೀವು ಉತ್ತರದಲ್ಲಿದ್ದು ಐರಿಷ್ ಚಾನೆಲ್ ಬೇಕೆಂದರೆ ಎರಡು ದಾರಿ ಇವೆ.

ಮೊದಲನೇದು ತುಂಬ ಜನಕ್ಕೆ ಗೊತ್ತೇ ಇಲ್ಲ. ಬ್ರಿಟನ್ನಿನಲ್ಲಿ ಆಂಟೆನಾಕ್ಕೆ ಉಚಿತವಾಗಿ ಬರೋ ಫ್ರೀವ್ಯೂ ವ್ಯವಸ್ಥೆಯ ಒಳಗೇ ಉತ್ತರ ಐರ್ಲೆಂಡಿಗೆ ಅಂತ ಒಂದು ಚಿಕ್ಕ ಮಲ್ಟಿಪ್ಲೆಕ್ಸ್, ಅಂದರೆ ಒಂದೇ ಸಿಗ್ನಲ್‌ನಲ್ಲಿ ಕಟ್ಟಿ ಕಳಿಸುವ ಚಾನೆಲ್‌ಗಳ ಕಂತೆ, ಇದೆ. ಅದರಲ್ಲಿ ಆರ್‌ಟಿಇ ಒನ್, ಆರ್‌ಟಿಇ 2 ಮತ್ತು ಟಿಜಿ4 ಬರುತ್ತವೆ. ಬೆಲ್‌ಫಾಸ್ಟ್ ಪಕ್ಕದ ಬ್ಲ್ಯಾಕ್ ಮೌಂಟನ್, ಕಾರ್ನ್‌ಮನಿ ಹಿಲ್ ಮತ್ತು ಪಶ್ಚಿಮದ ಬ್ರಾಹರ್ ಮೌಂಟನ್, ಈ ಮೂರು ಕಡೆಯಿಂದ ಅದನ್ನು ಬಿಡುತ್ತಾರೆ. ಇದು ಸುಮ್ನೆ ಬಂದದ್ದಲ್ಲ. 1998ರ ಗುಡ್ ಫ್ರೈಡೆ ಒಪ್ಪಂದದಲ್ಲೇ ಐರಿಷ್ ಭಾಷೆಯ ಟಿವಿ ಉತ್ತರದಲ್ಲಿ ಇನ್ನಷ್ಟು ಮನೆಗೆ ತಲುಪುವಂತೆ ಮಾಡುವ ಮಾತು ಇತ್ತು. 2010ರಲ್ಲಿ ಎರಡು ಸರ್ಕಾರಗಳು ಅದಕ್ಕಾಗಿ ಲಿಖಿತ ತಿಳುವಳಿಕೆಗೆ ಬಂದವು, ಅನಲಾಗ್ ನಿಂತ ದಿನದಿಂದಲೇ ಈ ಪ್ರಸಾರ ಶುರುವಾಯಿತು. ಶಾಂತಿ ಒಪ್ಪಂದದ ಒಂದು ಸಾಲು ಮನೆಯ ಟಿವಿಯವರೆಗೆ ಬಂದು ಮುಟ್ಟಿದ್ದು ನನಗೆ ತುಂಬ ಇಷ್ಟವಾದ ಸಂಗತಿ.

ಎರಡನೇದು ದಕ್ಷಿಣದ ಉಚಿತ ಡಿಜಿಟಲ್ ಟಿವಿ ವ್ಯವಸ್ಥೆಯಾದ ಸೇರ್‌ವ್ಯೂ ಪ್ರಸಾರವನ್ನೇ ನೇರ ಹಿಡಿಯೋದು. ಇದಕ್ಕೆ ಮುಖ್ಯ ಟವರ್ ಕ್ಲೇರ್‌ಮಾಂಟ್ ಕಾರ್ನ್. ಲೌತ್ ಕೌಂಟಿಯಲ್ಲಿ, ಗಡಿಗೆ ತೀರಾ ಹತ್ತಿರ, ಸುಮಾರು 510 ಮೀಟರ್ ಎತ್ತರದ ಬೆಟ್ಟದ ಮೇಲಿದೆ. ನ್ಯೂರಿ, ಆರ್ಮಾ ಕಡೆಗೆ ಚೆನ್ನಾಗಿ ಸಿಗುತ್ತದೆ. ಡೆರಿ ಸುತ್ತಮುತ್ತ ಇರುವವರು ಡೊನೆಗಾಲ್ ಕೌಂಟಿಯ ಹಾಲಿವೆಲ್ ಹಿಲ್ ಕಡೆ ನೋಡಬೇಕು. ನೇರ ಹಿಡಿದರೆ ಆರ್‌ಟಿಇ, ಟಿಜಿ4 ಜೊತೆಗೆ ವರ್ಜಿನ್ ಮೀಡಿಯಾ ಒನ್ ಮತ್ತಿತರ ಚಾನೆಲ್‌ಗಳೂ ಸಿಗುತ್ತವೆ. ಹಾಗಾಗಿ ಎರಡೂ ಸಾಧ್ಯವಿದ್ದರೆ ಈ ದಾರಿಯೇ ಒಳ್ಳೇದು.

ನೀವು ದಕ್ಷಿಣದಲ್ಲಿದ್ದು ಬ್ರಿಟಿಷ್ ಚಾನೆಲ್ ಬೇಕೆಂದರೆ ಬೆಲ್‌ಫಾಸ್ಟಿನ ಮೇಲಿರುವ ಡಿವಿಸ್ ದೊಡ್ಡ ಟವರ್. ಕ್ಯಾವನ್, ಮೊನಹನ್ ಕಡೆಯವರಿಗೆ ಬ್ರಾಹರ್ ಮೌಂಟನ್. ಪೂರ್ವ ಕರಾವಳಿಯಲ್ಲಿ ಕೆಲವು ಎತ್ತರದ ಜಾಗಗಳಿಗೆ ಸಮುದ್ರ ದಾಟಿ ವೇಲ್ಸ್‌ನಿಂದಲೂ ಬರುತ್ತದೆ. ವೆಕ್ಸ್‌ಫರ್ಡ್ ಕಡೆಯವರು ಪ್ರೆಸೆಲಿ ಟವರ್ ಹಿಡಿಯುತ್ತಾರೆ. ಆದರೆ ಡಬ್ಲಿನ್‌ನ ಮಾಮೂಲಿ ಬಡಾವಣೆಯಲ್ಲಿ ಇದಕ್ಕೆ ಕೈಹಾಕಬೇಡಿ, ಕೆಳಗೆ ಹೇಳುವ ಡಿಶ್ ದಾರಿಯೇ ಸರಿ.

ಫ್ರೀವ್ಯೂ ಮತ್ತು ಸೇರ್‌ವ್ಯೂ ಎರಡರ ಜಾಲತಾಣದಲ್ಲೂ ನಿಮ್ಮ ವಿಳಾಸ ಹಾಕಿ ಟವರ್ ನೋಡಬಹುದು. ಆದರೆ ಅವು ತಮ್ಮ ದೇಶದೊಳಗಿನ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತವೆ. ಗಡಿಯಾಚೆಯ ಟವರ್‌ಗೆ ನೀವೇ ನಕ್ಷೆ ತೆಗೆದು ಮನೆಯಿಂದ ಟವರ್‌ಗೆ ಗೆರೆ ಎಳೆಯಬೇಕು. ಬೆಟ್ಟದ ಎತ್ತರ ತೋರಿಸುವ ನಕ್ಷೆ ಇದ್ದರೆ ಇನ್ನೂ ಒಳ್ಳೇದು, ಯಾಕೆಂದರೆ ಮೋರ್ನ್ ಬೆಟ್ಟಗಳ ನೆರಳಲ್ಲಿ ಮನೆ ಇದ್ದರೆ ಡಿವಿಸ್ ಎಷ್ಟು ಹತ್ತಿರ ಇದ್ದರೂ ಪ್ರಯೋಜನ ಇಲ್ಲ. ಇದಕ್ಕಿಂತ ಸುಲಭದ ಉಪಾಯ ಇನ್ನೊಂದಿದೆ. ಬೀದಿಯಲ್ಲಿ ಒಂದು ಸುತ್ತು ನಡೆದು ತಲೆ ಎತ್ತಿ ನೋಡಿ. ಅಕ್ಕಪಕ್ಕದ ಮನೆಗಳ ಆಂಟೆನಾ ಯಾವ ಕಡೆ ಮುಖ ಮಾಡಿವೆ, ಅವುಗಳ ಕಡ್ಡಿಗಳು ಮಲಗಿವೆಯಾ ನಿಂತಿವೆಯಾ? ಒಂದೇ ಕಂಬದಲ್ಲಿ ಎರಡು ಆಂಟೆನಾ ಬೇರೆ ಬೇರೆ ದಿಕ್ಕಿಗೆ ಇದ್ದರೆ ಆ ಬೀದಿಯಲ್ಲಿ ಎರಡೂ ದೇಶದ ಟಿವಿ ಸಿಗುತ್ತಿರುವ ಸಾಧ್ಯತೆ ಜಾಸ್ತಿ.

ಎರಡನೇ ಕೆಲಸ: ನಿಮ್ಮ ಟಿವಿಗೆ ಅದು ಅರ್ಥವಾಗುತ್ತಾ?

ಇಲ್ಲೇ ಜಾಸ್ತಿ ಜನ ಎಡವೋದು. ಸಿಗ್ನಲ್ ಚೆನ್ನಾಗಿ ಬರುತ್ತಿರುತ್ತೆ, ಟಿವಿ ಮಾತ್ರ ಏನೂ ತೋರಿಸಲ್ಲ. ಪಾಪ, ಆಂಟೆನಾ ಬದಲಿಸುತ್ತಾ ಹೋಗುತ್ತಾರೆ.

ವಿಷಯ ಏನೆಂದರೆ, ದಕ್ಷಿಣದ ಸೇರ್‌ವ್ಯೂ ಬಿಡೋದು ಡಿವಿಬಿ-ಟಿ ಅನ್ನೋ ಡಿಜಿಟಲ್ ಪ್ರಸಾರ ಪದ್ಧತಿಯಲ್ಲಿ, ಚಿತ್ರವನ್ನು ಕುಗ್ಗಿಸಿ ಕಳಿಸೋ ವಿಧಾನ ಮಾತ್ರ ಎಂಪೆಗ್-4, ಅಂದರೆ ಎಚ್.264. ಉತ್ತರದ ಫ್ರೀವ್ಯೂನಲ್ಲಿ ಮಾಮೂಲಿ ಚಾನೆಲ್‌ಗಳು ಡಿವಿಬಿ-ಟಿ, ಚಿತ್ರ ಹಳೇ ಎಂಪೆಗ್-2. ಫ್ರೀವ್ಯೂನ ಎಚ್‌ಡಿ ಚಾನೆಲ್‌ಗಳು ಮತ್ತು ನಾನು ಮೇಲೆ ಹೇಳಿದ ಐರಿಷ್ ಚಾನೆಲ್‌ಗಳ ಚಿಕ್ಕ ಮಲ್ಟಿಪ್ಲೆಕ್ಸ್ ಡಿವಿಬಿ-ಟಿ2, ಅಂದರೆ ಅದೇ ಪದ್ಧತಿಯ ಹೊಸ ಆವೃತ್ತಿ.

ಇದರ ಪರಿಣಾಮ ನೋಡಿ. ಎಚ್‌ಡಿ ಇಲ್ಲದ ಹಳೇ ಫ್ರೀವ್ಯೂ ಬಾಕ್ಸ್ ಇಟ್ಟುಕೊಂಡರೆ ಸೇರ್‌ವ್ಯೂ ಚಿತ್ರ ಬರಲ್ಲ, ಆ ಚಿಕ್ಕ ಮಲ್ಟಿಪ್ಲೆಕ್ಸೂ ಸಿಗಲ್ಲ. ದಕ್ಷಿಣದಲ್ಲಿ 2011, 2012ರ ಹೊತ್ತಿಗೆ ಕೊಂಡ ಎಷ್ಟೋ ಟಿವಿಗಳಲ್ಲಿ ಟಿ2 ಇಲ್ಲ. ಅವುಗಳಲ್ಲಿ ಬಿಬಿಸಿಯ ಮಾಮೂಲಿ ಚಾನೆಲ್ ಬರಬಹುದು, ಎಚ್‌ಡಿ ಮಾತ್ರ ಬರಲ್ಲ. ಫ್ರೀವ್ಯೂ ಎಚ್‌ಡಿ ಮುದ್ರೆ ಇರುವ ಟಿವಿ ಅಥವಾ ಬಾಕ್ಸ್ ಇದ್ದರೆ ಸಾಮಾನ್ಯವಾಗಿ ಎಲ್ಲವೂ ನಡೆಯುತ್ತದೆ. ಈಚಿನ ಟಿವಿಗಳಲ್ಲಿ ಇದರ ಚಿಂತೆ ಬೇಡ. ಸೆಕೆಂಡ್ ಹ್ಯಾಂಡ್ ಟಿವಿ ತರುವವರು ಮಾತ್ರ ಹಿಂದಿನ ಲೇಬಲ್ಲಿನಲ್ಲಿ ಅಥವಾ ಕೈಪಿಡಿಯಲ್ಲಿ ಡಿವಿಬಿ-ಟಿ2 ಅಂತ ಇದೆಯಾ ನೋಡಿಕೊಂಡು ದುಡ್ಡು ಕೊಡಿ.

ಭಾರತದಿಂದ ಟಿವಿ ತಂದವರು ಅದನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿಯ ಎಷ್ಟೋ ಮಾಡೆಲ್‌ನ ಟ್ಯೂನರ್ ಇಲ್ಲಿಗೆ ಹೊಂದಲ್ಲ. ಎಚ್‌ಡಿಎಂಐ ಕಿಂಡಿಗೆ ಇಲ್ಲಿಯ ಬಾಕ್ಸ್ ಒಂದನ್ನು ಸಿಕ್ಕಿಸಿದರೆ ಮುಗೀತು.

ಮೂರನೇ ಕೆಲಸ: ಆಂಟೆನಾ

ಇಲ್ಲಿ ಆಂಟೆನಾಕ್ಕೆ ಬರೋ ಎಲ್ಲ ಟಿವಿ ಪ್ರಸಾರವೂ ಯುಎಚ್‌ಎಫ್ ಅನ್ನೋ ರೇಡಿಯೋ ತರಂಗಗಳ ಪಟ್ಟಿಯಲ್ಲಿದೆ. ಅದರಲ್ಲಿ ಮೊದಲು 69ರವರೆಗೆ ಚಾನೆಲ್ ಸಂಖ್ಯೆ ಇತ್ತು (ರಿಮೋಟಲ್ಲಿ ಒತ್ತೋ ನಂಬರ್ ಅಲ್ಲ, ಟವರ್ ಪ್ರಸಾರ ಮಾಡೋ ಜಾಗದ ನಂಬರ್). ಮೇಲಿನ ಭಾಗ ಒಂದೊಂದಾಗಿ ಮೊಬೈಲ್ ಕಂಪನಿಗಳಿಗೆ ಹೋಯಿತು. 2020ರಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನು ಎರಡೂ ದೇಶಗಳಲ್ಲಿ ಖಾಲಿ ಮಾಡಿಸಿದ ಮೇಲೆ ಟಿವಿಗೆ ಉಳಿದಿರೋದು 21ರಿಂದ 48ರವರೆಗೆ, ಅಂದರೆ 470ರಿಂದ 694 ಮೆಗಾಹರ್ಟ್ಸ್. ಆದ್ದರಿಂದ ಹೊಸದಾಗಿ ಕೊಳ್ಳೋರು ಗ್ರೂಪ್ ಕೆ ಆಂಟೆನಾ ಕೇಳಿ, ಅದು ಸರಿಯಾಗಿ ಈ ಪಟ್ಟಿಗೇ ಮಾಡಿದ್ದು. ಗ್ರೂಪ್ ಎ ಅಂದರೆ 21ರಿಂದ 37. ನಿಮಗೆ ಬೇಕಾದ ಚಾನೆಲ್‌ಗಳೆಲ್ಲ ಅದರೊಳಗೇ ಇದ್ದರೆ ದೂರದ ಸಿಗ್ನಲ್‌ಗೆ ಅದು ಇನ್ನೂ ಚೆನ್ನ. 2020ಕ್ಕಿಂತ ಹಿಂದಿನ ಬರಹಗಳಲ್ಲಿ ಇರುವ ಚಾನೆಲ್ ಸಂಖ್ಯೆಗಳನ್ನು ನಂಬಬೇಡಿ, ತುಂಬ ಬದಲಾಗಿವೆ.

ಆಮೇಲೆ ಕಡ್ಡಿಗಳ ವಿಚಾರ. ಡಿವಿಸ್, ಬ್ರಾಹರ್ ಮೌಂಟನ್, ಡಬ್ಲಿನ್‌ನ ತ್ರೀ ರಾಕ್, ಇವೆಲ್ಲ ಅಡ್ಡ ಧ್ರುವೀಕರಣ. ಆಂಟೆನಾದ ಕಡ್ಡಿಗಳು ನೆಲಕ್ಕೆ ಸಮವಾಗಿ ಮಲಗಿರಬೇಕು. ಕ್ಲೇರ್‌ಮಾಂಟ್ ಕಾರ್ನ್ ಮಾತ್ರ ಲಂಬ, ಕಡ್ಡಿಗಳು ಮೇಲಕ್ಕೂ ಕೆಳಕ್ಕೂ ನಿಂತಿರಬೇಕು. ಇದೊಂದನ್ನು ತಪ್ಪಿದರೆ ಸಿಗ್ನಲ್‌ನ ಬಹುಪಾಲು ಹೋಯಿತು ಅಂತಲೇ ಲೆಕ್ಕ.

ಅಟ್ಟದೊಳಗೆ ಇಡಬಹುದಾ ಅಂತ ಬಾಡಿಗೆ ಮನೆಯವರು ಕೇಳುತ್ತಾರೆ. ಟವರ್ ಹತ್ತಿರ ಇದ್ದರೆ ಸರಿ. ಗಡಿಯಾಚೆಯ ಸಿಗ್ನಲ್ಲು ಮೊದಲೇ ಸೋತು ಬಂದಿರುತ್ತದೆ, ಹೆಂಚು ದಾಟುವಾಗ ಇನ್ನಷ್ಟು ಸೋಲುತ್ತದೆ. ಇನ್ಸುಲೇಷನ್ನಿನಲ್ಲಿ ಬೆಳ್ಳಿ ಹಾಳೆಯಂಥ ಫಾಯಿಲ್ ಇದ್ದರಂತೂ ಬಿಟ್ಟುಬಿಡಿ.

ಕೇಬಲ್‌ನಲ್ಲಿ ಜುಗ್ಗತನ ಬೇಡ. 75 ಓಮ್‌ನ, ಒಳಗೆ ತಾಮ್ರದ ತಂತಿ, ಸುತ್ತ ತಾಮ್ರದ ಹಾಳೆ ಮತ್ತು ಹೆಣಿಗೆ ಇರುವ ಸ್ಯಾಟಲೈಟ್ ಕೇಬಲ್ಲೇ ತನ್ನಿ. ಕೇಬಲ್ ತುದಿಗೆ ತಿರುಗಿಸಿ ಕೂರಿಸುವ ಎಫ್ ಕನೆಕ್ಟರ್ ಹಾಕುವಾಗ ಹೊರ ಸಿಪ್ಪೆಯನ್ನು ಒಂದೂವರೆ ಸೆಂಟಿಮೀಟರಿನಷ್ಟು ಸುಲಿಯಿರಿ. ಹೆಣಿಗೆಯನ್ನು ಹಿಂದಕ್ಕೆ ಮಡಚಿ, ಒಳಗಿನ ಬಿಳಿ ಪ್ಲಾಸ್ಟಿಕ್ಕನ್ನು ಕತ್ತರಿಸಿ, ನಡುವಿನ ತಂತಿ ಕನೆಕ್ಟರಿನ ಬಾಯಿಯಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಇಣುಕುವಂತೆ ತಿರುಗಿಸಿ ಬಿಗಿಮಾಡಿ. ಈಗ ಬೆಳಕಿಗೆ ಹಿಡಿದು ನೋಡಿ. ಹೆಣಿಗೆಯ ಕೂದಲಿನಂಥ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದ್ದರೂ ಶಾರ್ಟ್ ಆಗಿ ಎಲ್ಲ ಕೆಲಸ ವ್ಯರ್ಥ. ಹೊರಗಿನ ಕನೆಕ್ಟರಿಗೆ ನೀರು ನುಗ್ಗದಂಥ ಟೇಪು ಸುತ್ತಿ. ಕೇಬಲ್ ಗೋಡೆಯೊಳಗೆ ಹೋಗುವ ತೂತಿನ ಮುಂಚೆ ಅದನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು ಮೇಲಕ್ಕೆ ತನ್ನಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಐರ್ಲೆಂಡಿನ ಮಳೆ ಗೊತ್ತಲ್ವಾ, ವರ್ಷದೊಳಗೆ ಕೇಬಲ್ ಒಳಗೆ ನೀರಿಳಿದು ತಾಮ್ರ ಹಸಿರಾಗುತ್ತದೆ.

ಇನ್ನು ಚಾವಣಿ ಹತ್ತುವ ಮಾತು. ಒದ್ದೆ ಹೆಂಚು ಜಾರುತ್ತದೆ, ಗಾಳಿ ಯಾವಾಗ ಏಳುತ್ತೆ ಹೇಳೋಕಾಗಲ್ಲ. ಎರಡು ಮಹಡಿಯ ಮನೆಗೆ ದಯವಿಟ್ಟು ನೀವೇ ಹತ್ತಬೇಡಿ, ಆಂಟೆನಾ ಹಾಕುವವರನ್ನು ಕರೆಯಿರಿ. ಬಂದವರಿಗೆ ಟವರ್ ಹೆಸರು, ಕಡ್ಡಿಯ ದಿಕ್ಕು ಎರಡನ್ನೂ ನೀವೇ ಹೇಳಿ. ಗಡಿಯಾಚೆಯ ಚಾನೆಲ್ ಬೇಕು ಅಂತ ಹೇಳದಿದ್ದರೆ ಅವರು ತಮ್ಮ ರೂಢಿಯ ಟವರ್‌ಗೆ ತಿರುಗಿಸಿ ಹೋಗುತ್ತಾರೆ.

ನಾಲ್ಕನೇ ಕೆಲಸ: ತಿರುಗಿಸೋದು, ಟ್ಯೂನ್ ಮಾಡೋದು

ಊರಲ್ಲಿ ದೂರದರ್ಶನದ ಕಾಲದಲ್ಲಿ ಒಬ್ಬರು ಮಾಡಿನ ಮೇಲೆ, ಒಬ್ಬರು ಕಿಟಕಿಯಲ್ಲಿ ನಿಂತು "ಬಂತಾ?" "ಇಲ್ಲ, ಇನ್ನೊಂಚೂರು!" ಅಂತ ಕೂಗಾಡಿ ಹಿಡಿಯುತ್ತಿದ್ದೆವು. ಡಿಜಿಟಲ್‌ಗೆ ಆ ವೇಗ ನಡೆಯಲ್ಲ. ಸಿಗ್ನಲ್ ಬಂದರೂ ಟಿವಿ ಅದನ್ನು ಬಿಡಿಸಿ ತೋರಿಸೋಕೆ ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಸ್ವಲ್ಪವೇ ತಿರುಗಿಸಿ, ನಿಲ್ಲಿಸಿ, ನೋಡಿ, ಮತ್ತೆ ತಿರುಗಿಸಿ.

ಆಟೋ ಟ್ಯೂನ್‌ನಿಂದ ಶುರುಮಾಡಬೇಡಿ. ಟಿವಿಯ ಮೆನುವಿನಲ್ಲಿ ಮ್ಯಾನುಯಲ್ ಟ್ಯೂನಿಂಗ್‌ಗೆ ಹೋಗಿ, ನಿಮ್ಮ ಟವರಿನ ಒಂದು ಯುಎಚ್‌ಎಫ್ ಚಾನೆಲ್ ಸಂಖ್ಯೆ ಹಾಕಿ. ಕೆಲವು ಟಿವಿ ಸಂಖ್ಯೆಯ ಬದಲು ಮೆಗಾಹರ್ಟ್ಸ್ ಕೇಳುತ್ತವೆ. ಲೆಕ್ಕ ಸುಲಭ: ಸಂಖ್ಯೆಯನ್ನು 8ರಿಂದ ಗುಣಿಸಿ 306 ಕೂಡಿಸಿ. 21 ಅಂದರೆ 474, 48 ಅಂದರೆ 690. ಆ ಪರದೆಯಲ್ಲೇ ಎರಡು ಪಟ್ಟಿ ಕಾಣುತ್ತವೆ, ಒಂದು ಸಿಗ್ನಲ್ ಬಲ, ಇನ್ನೊಂದು ಗುಣಮಟ್ಟ. ನೀವು ನೋಡಬೇಕಾದ್ದು ಗುಣಮಟ್ಟ. ಬಲ ಅರ್ಧಕ್ಕೇ ನಿಂತರೂ ಗುಣಮಟ್ಟ ತುಂಬಿದ್ದರೆ ಚಿತ್ರ ಗಟ್ಟಿ. ಬಲ ತುಂಬಿದ್ದು ಗುಣಮಟ್ಟ ಕುಣಿಯುತ್ತಿದ್ದರೆ ಸಂಜೆ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಗುಣಮಟ್ಟ ಅತಿ ಹೆಚ್ಚಾದ ಜಾಗದಲ್ಲಿ ಬೋಲ್ಟ್ ಬಿಗಿಮಾಡಿ, ಆಮೇಲೆ ಆಟೋ ಟ್ಯೂನ್. ದೇಶ ಯಾವುದು ಅಂತ ಟಿವಿ ಕೇಳಿದಾಗ ಯೋಚಿಸಿ ಒತ್ತಿ. ಸೇರ್‌ವ್ಯೂನಲ್ಲಿ 1ನೇ ನಂಬರ್ ಆರ್‌ಟಿಇ ಒನ್‌ಗೆ, ಫ್ರೀವ್ಯೂನಲ್ಲಿ ಬಿಬಿಸಿ ಒನ್‌ಗೆ. ಇಬ್ಬರೂ 1 ಕೇಳಿದಾಗ ಟಿವಿ ಒಬ್ಬರನ್ನು 800ರ ಆಚೆಗೆ ತಳ್ಳುತ್ತದೆ. ಹಾಗಾಗಿ ಚಾನೆಲ್ ಸಿಗಲಿಲ್ಲ ಅಂತ ಬೇಸರ ಮಾಡಿಕೊಳ್ಳೋ ಮುಂಚೆ 800ರಿಂದ ಮುಂದಕ್ಕೆ ಒತ್ತಿ ನೋಡಿ.

ಎರಡು ಆಂಟೆನಾ ಹಾಕಿದರೆ

ಎರಡೂ ದೇಶದ ಟಿವಿ ಬೇಕೆಂದರೆ ಎರಡು ಆಂಟೆನಾ, ಒಂದೇ ಕಂಬ. ನಡುವೆ ಕನಿಷ್ಠ ಒಂದು ಮೀಟರ್ ಅಂತರ ಇರಲಿ. ಎರಡರ ಕೇಬಲ್ಲನ್ನು, ಒಂದು ಕೇಬಲ್ಲನ್ನು ಎರಡಾಗಿ ಹಂಚುವ ಮಾಮೂಲಿ ಸ್ಪ್ಲಿಟರನ್ನು ಉಲ್ಟಾ ಹಾಕಿ ಒಂದಕ್ಕೆ ಸೇರಿಸೋದು ಎಲ್ಲರೂ ಮಾಡುವ ಕೆಲಸ. ಹಾಗೆ ಮಾಡಿದರೆ ಎರಡರ ಸಿಗ್ನಲ್ಲೂ ಅರ್ಧದಷ್ಟು ಕಳೆಯುತ್ತದೆ, ಜೊತೆಗೆ ಒಂದು ಆಂಟೆನಾ ಹೆಕ್ಕಿದ ಗಲಾಟೆ ಇನ್ನೊಂದರ ಒಳ್ಳೇ ಸಿಗ್ನಲ್‌ಗೆ ಬೆರೆಯುತ್ತದೆ.

ಚಾನೆಲ್ ಸಂಖ್ಯೆ ನೋಡಿ ಬೇರ್ಪಡಿಸುವ ಫಿಲ್ಟರ್ ಕಂಬೈನರ್‌ಗಳು ಸಿಗುತ್ತವೆ. ಒಂದು ಟವರಿನ ಚಾನೆಲ್‌ಗಳೆಲ್ಲ ಕೆಳಗೆ, ಇನ್ನೊಂದರವು ಮೇಲೆ ಇದ್ದರೆ ಅದೇ ಸರಿ. ಸಂಖ್ಯೆಗಳು ಒಂದರೊಳಗೊಂದು ಹೆಣೆದುಕೊಂಡಿದ್ದರೆ ನನ್ನ ಸಲಹೆ ಬೇರೆ: ಒಂದು ಕೇಬಲ್ ಟಿವಿಯ ಹಿಂದಿನ ಕಿಂಡಿಗೆ, ಇನ್ನೊಂದು ಪ್ರತ್ಯೇಕ ಬಾಕ್ಸಿಗೆ, ಆ ಬಾಕ್ಸು ಎಚ್‌ಡಿಎಂಐಗೆ. ರಿಮೋಟ್ ಎರಡಾಗುತ್ತದೆ, ತಲೆನೋವು ಒಂದೂ ಇರಲ್ಲ.

ಡಬ್ಲಿನ್‌ನವರಿಗೆ ಡಿಶ್ಶೇ ಉತ್ತಮ

ಬಿಬಿಸಿ, ಐಟಿವಿ, ಚಾನೆಲ್ 4 ಎಲ್ಲವೂ 28.2 ಡಿಗ್ರಿ ಪೂರ್ವದ ಉಪಗ್ರಹಗಳಿಂದ ಬೀಗವಿಲ್ಲದೆ ಬರುತ್ತವೆ. ಕಿರಣ ಬ್ರಿಟನ್ನಿಗೆ ಅಂತ ಇದ್ದರೂ ಐರ್ಲೆಂಡ್ ಪೂರ್ತಿ ಅದರೊಳಗೇ ಬೀಳುತ್ತದೆ. 60 ಸೆಂಟಿಮೀಟರ್ ಡಿಶ್ ಸಾಕು. ಪಶ್ಚಿಮದ ಕಡೆಯವರು 80 ಹಾಕಿದರೆ ಜೋರು ಮಳೆಯಲ್ಲೂ ನೆಮ್ಮದಿ.

ಡಬ್ಲಿನ್‌ನಿಂದ ಇದರ ದಿಕ್ಕು ಉತ್ತರದಿಂದ ಸುಮಾರು 140 ಡಿಗ್ರಿ, ಅಂದರೆ ಆಗ್ನೇಯ. ನೆಲಮಟ್ಟದಿಂದ ಮೇಲಕ್ಕೆ ಏರಿಕೆ ಬರೀ 21 ಡಿಗ್ರಿ. ಊರಲ್ಲಿ ಡಿಶ್ ಆಕಾಶ ನೋಡುತ್ತಿರುತ್ತದೆ, ಇಲ್ಲಿ ಎದುರುಮನೆ ನೋಡುತ್ತಿದೆಯೇನೋ ಅನ್ನಿಸುತ್ತದೆ. ಹೆದರಬೇಡಿ, ಅದು ಸರಿಯಾಗೇ ಇದೆ. ಆದರೆ ಆ ಕಡೆ ದೊಡ್ಡ ಮರ ಇದ್ದರೆ ಬೇಸಗೆಯಲ್ಲಿ ಎಲೆ ಬಂದಾಗ ಸಿಗ್ನಲ್ ಹೋಗುತ್ತದೆ. ಚಳಿಗಾಲದಲ್ಲಿ ಡಿಶ್ ಹಾಕಿಸುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಐರ್ಲೆಂಡಿನ ಅಂಗಡಿಗಳಲ್ಲಿ ಕಾಂಬೊ ಬಾಕ್ಸ್ ಅಂತ ಸಿಗುತ್ತದೆ. ಡಿಶ್ ಕೇಬಲ್ ಒಂದು ಕಿಂಡಿಗೆ, ಸೇರ್‌ವ್ಯೂ ಆಂಟೆನಾ ಇನ್ನೊಂದಕ್ಕೆ. ಎರಡೂ ದೇಶದ ಚಾನೆಲ್ ಒಂದೇ ಪಟ್ಟಿಯಲ್ಲಿ, ಒಂದೇ ರಿಮೋಟಲ್ಲಿ. ಮನೆಯಲ್ಲಿ ಅಪ್ಪ ಅಮ್ಮ ಊರಿಂದ ಬಂದಿದ್ದರೆ ಇದರಷ್ಟು ಸಲೀಸು ಯಾವುದೂ ಅಲ್ಲ. ಹಳೇ, ಎಚ್‌ಡಿ ಇಲ್ಲದ ಡಿಶ್ ಬಾಕ್ಸ್ ಮಾತ್ರ ಯಾರು ಸುಮ್ನೆ ಕೊಟ್ಟರೂ ಬೇಡ. 2024ರ ಜನವರಿಯಿಂದ ಉಪಗ್ರಹದಲ್ಲಿ ಬಿಬಿಸಿ ಎಚ್‌ಡಿ ಮಾತ್ರ.

ಇಲ್ಲಿ ಒಂದು ಮಾತು. ತಿಂಗಳಿಗೆ ಇಷ್ಟು ಕೊಡಿ, ಜಗತ್ತಿನ ಎಲ್ಲ ಚಾನೆಲ್ ಬರುತ್ತೆ ಅಂತ ಕಳ್ಳ ಬಾಕ್ಸ್ ಮಾರುವವರು ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಇರುತ್ತಾರೆ. ಅದು ಕಾನೂನುಬಾಹಿರ, ಕಾರ್ಡ್ ವಿವರ ಯಾರ ಕೈಗೆ ಹೋಯಿತು ಅನ್ನೋದೂ ಗೊತ್ತಾಗಲ್ಲ. ಉಚಿತವಾಗಿ, ಕಾನೂನು ಪ್ರಕಾರವೇ ಬರುತ್ತಿರೋದನ್ನು ಹಾಗೆ ಕೊಳ್ಳೋದು ಬೇಡ.

ಬರುತ್ತಿದ್ದದ್ದು ನಿಂತುಹೋದರೆ

ಬೇಸಗೆಯಲ್ಲಿ ನಾಲ್ಕು ದಿನ ಒಳ್ಳೇ ಬಿಸಿಲು ಬಂದು ಗಾಳಿಯ ಒತ್ತಡ ಏರಿದಾಗ ದೂರದ ಟವರ್‌ಗಳ ಸಿಗ್ನಲ್ ಬಾಗಿಕೊಂಡು ಬಂದು ನಿಮ್ಮ ಚಾನೆಲ್ ಮೇಲೆ ಕೂರುತ್ತದೆ. ಸಮುದ್ರದ ಮೇಲಿಂದ ಬರೋ ವೇಲ್ಸ್ ಸಿಗ್ನಲ್‌ಗೆ ಈ ಕಾಟ ಜಾಸ್ತಿ. ಆಗ ರೀಟ್ಯೂನ್ ಮಾಡಲೇಬೇಡಿ. ಮಾಡಿದರೆ ಇದ್ದ ಪಟ್ಟಿಯೂ ಅಳಿಸಿಹೋಗುತ್ತದೆ. ಹವೆ ಬದಲಾದಮೇಲೆ ತಾನಾಗೇ ಬರುತ್ತದೆ.

ಹತ್ತಿರದಲ್ಲಿ ಹೊಸ ಮೊಬೈಲ್ ಟವರ್ ಎದ್ದಮೇಲೆ ತೊಂದರೆ ಶುರುವಾದರೆ ಕಾರಣ ಬೇರೆ. ಟಿವಿ ಬಿಟ್ಟುಕೊಟ್ಟ 700, 800 ಮೆಗಾಹರ್ಟ್ಸ್‌ನಲ್ಲೇ ಈಗ ಮೊಬೈಲ್ ನಡೆಯೋದು, ಸಿಗ್ನಲ್ ದೊಡ್ಡದು ಮಾಡೋಕೆ ನೀವು ಹಾಕಿದ ಬೂಸ್ಟರ್ ಅದನ್ನೂ ದೊಡ್ಡದು ಮಾಡಿ ಉಸಿರುಗಟ್ಟುತ್ತದೆ. 694ರಿಂದ ಮೇಲಿನದನ್ನು ತಡೆಯುವ ಫಿಲ್ಟರನ್ನು ಬೂಸ್ಟರಿನ ಮುಂಚೆ, ಆಂಟೆನಾ ಕಡೆಗೆ ಹಾಕಬೇಕು. ಬೂಸ್ಟರ್ ಆದಮೇಲೆ ಹಾಕಿದರೆ ಉಪಯೋಗ ಇಲ್ಲ. ಅಂದಹಾಗೆ ಬೂಸ್ಟರ್ ಇರಬೇಕಾದ್ದು ಕಂಬದ ತುದಿಯಲ್ಲಿ. ಟಿವಿಯ ಹಿಂದೆ ಇಟ್ಟರೆ ಕೇಬಲ್‌ನಲ್ಲಿ ಸವೆದು ಬಂದದ್ದನ್ನು, ಗಲಾಟೆಯ ಸಮೇತ, ದೊಡ್ಡದು ಮಾಡುತ್ತದೆ ಅಷ್ಟೆ.

ಲೈಸೆನ್ಸ್, ಅನುಮತಿ

ಐರ್ಲೆಂಡಿನಲ್ಲಿ ಮನೆಯಲ್ಲಿ ಟಿವಿ ಇದ್ದರೆ ವರ್ಷಕ್ಕೆ 160 ಯೂರೋ ಟಿವಿ ಲೈಸೆನ್ಸ್. ನಾನು ಬಿಬಿಸಿ ಮಾತ್ರ ನೋಡೋದು, ಆರ್‌ಟಿಇ ನೋಡಲ್ಲ ಅನ್ನೋ ಮಾತು ನಡೆಯಲ್ಲ. ಉತ್ತರದಲ್ಲಿ ಯಾವ ದೇಶದ ಚಾನೆಲ್ ಆದರೂ ನೇರಪ್ರಸಾರವಾಗಿ ನೋಡಿದರೆ ಬ್ರಿಟನ್ನಿನ ಲೈಸೆನ್ಸ್ ಬೇಕು, ಆರ್‌ಟಿಇಗೂ ಅದೇ.

ದಕ್ಷಿಣದಲ್ಲಿ ಸ್ವಂತ ಮನೆಯಾದರೆ ಒಂದು ಮೀಟರ್ ಒಳಗಿನ ಒಂದು ಡಿಶ್‌ಗೆ ಪ್ಲಾನಿಂಗ್ ಅನುಮತಿ ಬೇಡ, ಆದರೆ ಮನೆಯ ಮುಂಭಾಗದಲ್ಲಿ ಹಾಕಬಾರದು. ಆಂಟೆನಾ ಕಂಬ ಚಾವಣಿಯಿಂದ ಆರು ಮೀಟರ್‌ಗಿಂತ ಮೇಲೆ ಹೋಗಬಾರದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ, ಬಾಯಿಮಾತು ಸಾಲದು. ಅಪಾರ್ಟ್‌ಮೆಂಟ್ ಆದರೆ ಮ್ಯಾನೇಜ್‌ಮೆಂಟ್ ಕಂಪನಿಯನ್ನು ಮೊದಲು ಒಂದು ಪ್ರಶ್ನೆ ಕೇಳಿ: ಕಟ್ಟಡಕ್ಕೆ ಸಾಮೂಹಿಕ ಡಿಶ್, ಆಂಟೆನಾ ಇದೆಯಾ? ಎಷ್ಟೋ ಕಟ್ಟಡದಲ್ಲಿ ಅದು ಮೊದಲೇ ಇರುತ್ತದೆ. ಹಾಲ್‌ನ ಗೋಡೆಯ ಪ್ಲೇಟಿನಲ್ಲಿ ಎರಡು ಮೂರು ಕಿಂಡಿ ಕಾಣುತ್ತಿದ್ದರೆ ಅವಕ್ಕೆ ಕೇಬಲ್ ಸಿಕ್ಕಿಸಿ ಟ್ಯೂನ್ ಮಾಡಿ ನೋಡಿ. ಅಲ್ಲೇ ಸಿಕ್ಕಿಬಿಟ್ಟರೆ ಆಂಟೆನಾ, ಡಿಶ್ ಎರಡನ್ನೂ ಕೊಳ್ಳುವ ಅಗತ್ಯವೇ ಇಲ್ಲ.